‘ಸಿ’ ಭಾಷೆಗೆ ವಿದಾಯ ಹೇಳುವ ಕಾಲ ಬಂತೆ?

ಬೆಳಗಾವಿಯ ಮೂರನೇ ರೈಲ್ವೆ ಗೇಟು ದಾಟಿ ಖಾನಾಪುರದ ಹಾದಿ ಹಿಡಿದರೆ ಮೊದಲು ಸಿಗುವುದು ಉದ್ಯಮಬಾಗ. ಎರಕದ ಕುಲುಮೆಗಳು, ಲೇಥುಗಳು, ಹೈಡ್ರಾಲಿಕ್ ಬಿಡಿಭಾಗ ತಯಾರಿಸುವ ಚಿಕ್ಕ ದೊಡ್ಡ ಕಾರ್ಖಾನೆಗಳು. ಅವುಗಳ ಮಗ್ಗುಲಲ್ಲೇ 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ವಿದ್ಯಾಲಯ. ಮುಂದೆ ಪೀರನವಾಡಿ, ಅದರಾಚೆ ಮಚ್ಛೆ. ಮಚ್ಛೆಯ ‘ಜ್ಞಾನಸಂಗಮ’ ಆವರಣದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ. ಅಲ್ಲಿಂದ ಗದ್ದೆ, ಕಾಡು, ಹೆಂಚಿನ ಮನೆಗಳ ಸಾಲು ಹಾದು ಹೋದರೆ ಖಾನಾಪುರ. ಬೆಳಗಾವಿಯಿಂದ ಒಟ್ಟು ಸುಮಾರು 26 ಕಿಲೋಮೀಟರ್.

ಜಗತ್ತಿನ ಕಂಪ್ಯೂಟರ್ ಪ್ರೋಗ್ರಾಮರ್‌ಗಳನ್ನು ಎರಡು ಪಂಗಡವಾಗಿ ನಿಲ್ಲಿಸಿರುವ ವಾದವೊಂದರ ಮೂರೂ ಮುಖಗಳು ಈ ಒಂದೇ ರಸ್ತೆಯ ಮೇಲಿವೆ. ಹಳೆಯ ಭಾಷೆಯನ್ನು ದಿನವೂ ದುಡಿಸಿಕೊಳ್ಳುವ ಕಾರ್ಖಾನೆ ಒಂದು ಕಡೆ. ಅದನ್ನು ಪಠ್ಯದಲ್ಲಿ ಇಡಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ವಿಶ್ವವಿದ್ಯಾಲಯ ಇನ್ನೊಂದು ಕಡೆ. ಬೆಳಗಿನ ಬಸ್ಸು ಹಿಡಿದು ಬಂದು ಅದನ್ನು ಕಲಿಯಬೇಕಾದ ಖಾನಾಪುರದ ಹುಡುಗ ಹುಡುಗಿಯರು ಮತ್ತೊಂದು ಕಡೆ. ವಾದದ ವಿಷಯ ಇಷ್ಟೇ: ಐವತ್ತು ವರ್ಷ ದಾಟಿದ ‘ಸಿ’ ಎಂಬ ಭಾಷೆಯನ್ನು ಇನ್ನು ಬಿಡಬೇಕೆ?

ಇದು ಪ್ರೋಗ್ರಾಮರ್‌ಗಳ ಮನೆಜಗಳ, ನಮಗೇನು ಎಂದು ಪಾಲಕರು ಕೈತೊಳೆದುಕೊಳ್ಳುವಂತಿಲ್ಲ. 1998ರಲ್ಲಿ ಸ್ಥಾಪನೆಯಾದ ವಿ.ತಾ.ವಿ.ಗೆ ರಾಜ್ಯದ 200ಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳು ಸೇರಿವೆ. ಮಚ್ಛೆಯಲ್ಲಿ ಪಠ್ಯದ ಒಂದು ಸಾಲು ಬದಲಾದರೆ ಬೀದರಿನಿಂದ ಚಾಮರಾಜನಗರದವರೆಗೆ ಮಕ್ಕಳ ಕೈಯಲ್ಲಿರುವ ಪುಸ್ತಕ ಬದಲಾಗುತ್ತದೆ.

ನೀಲಿ ಪರದೆಯ ಕಾಲ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ‘ಸಿ’ ಭಾಷೆಗೆ ರೂಪ ಕೊಟ್ಟದ್ದು 1972ರ ಸುಮಾರಿಗೆ. ಮರುವರ್ಷವೇ ಯುನಿಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಅದರಲ್ಲಿ ತಿರುಗಿ ಬರೆಯಲಾಯಿತು. 1978ರಲ್ಲಿ ಬ್ರಯಾನ್ ಕರ್ನಿಗನ್ ಜೊತೆ ರಿಚಿ ಬರೆದ ತೆಳು ಪುಸ್ತಕ ಹೊರಬಂದ ಮೇಲೆ ಈ ಭಾಷೆ ಜಗತ್ತನ್ನು ಸುತ್ತಿತು. ಕಡಿಮೆ ಪದಗಳು, ಹೆಚ್ಚು ವೇಗ, ಯಂತ್ರದ ನೆನಪಿನ ಕೋಶವನ್ನು ನೇರವಾಗಿ ಮುಟ್ಟುವ ಅಧಿಕಾರ: ಇವು ಅದರ ಬಲಗಳು.

ನಮ್ಮ ಕಾಲೇಜುಗಳಿಗೆ ಅದು ಬಂದದ್ದು ಬೋರ್ಲೆಂಡ್ ಕಂಪನಿಯ ‘ಟರ್ಬೊ ಸಿ’ಯ ನೀಲಿ ಪರದೆಯ ಮೂಲಕ. ಯಶವಂತ ಕಾನೇಟ್ಕರ್ ಮತ್ತು ಇ. ಬಾಲಗುರುಸ್ವಾಮಿ ಅವರ ಪುಸ್ತಕಗಳು ಕೈಯಿಂದ ಕೈಗೆ ದಾಟಿದವು. ಅಕ್ಕ ಓದಿದ ಪುಸ್ತಕವನ್ನೇ ತಮ್ಮ ಓದಬಹುದಾಗಿದ್ದ ವಿಷಯಗಳಲ್ಲಿ ‘ಸಿ’ಯೂ ಒಂದು. ಅದರ ವ್ಯಾಕರಣ ಅಷ್ಟು ಸ್ಥಿರವಾಗಿತ್ತು.

ಮೇಲಿಂದ ಕಾಣದಿದ್ದರೂ ಇಂದಿನ ಗಣಕ ಪ್ರಪಂಚದ ಅಡಿಪಾಯದಲ್ಲಿ ಇರುವುದು ಬಹುಮಟ್ಟಿಗೆ ‘ಸಿ’. ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವ ಲಿನಕ್ಸ್ ತಿರುಳು ‘ಸಿ’ಯಲ್ಲಿದೆ. ಸ್ವಾರಸ್ಯವೆಂದರೆ, ‘ಸಿ’ಗೆ ಬದಲಾಗಿ ಕಲಿಸಬೇಕೆಂದು ಹೇಳಲಾಗುವ ಪೈಥಾನ್ ಭಾಷೆಯ ಮೂಲ ತಂತ್ರಾಂಶವನ್ನೂ ಬರೆದಿರುವುದು ‘ಸಿ’ಯಲ್ಲೇ. ಮೊಮ್ಮಗ ಅಂಗಡಿ ನಡೆಸುತ್ತಿದ್ದರೂ ಕಟ್ಟಡ ಅಜ್ಜನದು ಎಂಬಂತೆ.

ದೂರು ಏನು?

ಹಾಗಿದ್ದರೆ ಬಿಡಬೇಕೆನ್ನುವವರ ದೂರು ಏನು? ಅದನ್ನು ತಿಳಿಯಲು ಬಸ್ಸಿನ ಉದಾಹರಣೆ ಸಾಕು. ಐವತ್ತು ಆಸನದ ಬಸ್ಸಿಗೆ ಐವತ್ತೊಂದನೆಯ ಟಿಕೆಟು ಕೇಳಿದರೆ ಕಂಡಕ್ಟರು ಸೀಟಿಲ್ಲ ಎನ್ನುತ್ತಾನೆ. ಪೈಥಾನ್, ಜಾವಾ ಮುಂತಾದ ಭಾಷೆಗಳು ಅಂಥ ಕಂಡಕ್ಟರನಿದ್ದಂತೆ. ಎಲ್ಲೆ ಮೀರಿದ ಕೂಡಲೇ ತಡೆಯುತ್ತವೆ. ‘ಸಿ’ ತಡೆಯುವುದಿಲ್ಲ. ಐವತ್ತೊಂದನೆಯ ಆಸನ ಎಂದರೆ ಅದರ ಲೆಕ್ಕದಲ್ಲಿ ಐವತ್ತನೆಯದರ ಪಕ್ಕದ ಜಾಗ. ಅಲ್ಲಿ ಬೇರೆ ಯಾರದೋ ಸಾಮಾನು ಇದ್ದರೂ ಸರಿ, ಅದರ ಮೇಲೆಯೇ ಕೂರಿಸಿಬಿಡುತ್ತದೆ. ಪ್ರೋಗ್ರಾಮರ್ ಬುದ್ಧಿವಂತ, ಎಣಿಸಿಯೇ ಹೇಳಿರುತ್ತಾನೆ ಎಂಬುದು ಅದರ ನಂಬಿಕೆ.

ಆ ನಂಬಿಕೆ ಎಷ್ಟೋ ಬಾರಿ ಸುಳ್ಳಾಗಿದೆ. 1988ರ ನವೆಂಬರಿನಲ್ಲಿ ಅಮೆರಿಕದ ಸಾವಿರಾರು ಕಂಪ್ಯೂಟರುಗಳನ್ನು ಕೆಡಿಸಿದ ‘ಮಾರಿಸ್ ಹುಳು’ ನುಗ್ಗಿದ ದಾರಿಗಳಲ್ಲಿ ಒಂದು, ಅಕ್ಷರಗಳನ್ನು ಎಣಿಸದೆ ಒಳಗೆ ಬಿಟ್ಟುಕೊಳ್ಳುತ್ತಿದ್ದ ‘ಸಿ’ಯ ಒಂದು ಸೌಲಭ್ಯ. 2014ರಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ದೋಷವೂ ಇದೇ ಜಾತಿಯದು. ಅಂತರಜಾಲದ ಗುಟ್ಟು ಕಾಯಬೇಕಾದ ತಂತ್ರಾಂಶವು, ಕೇಳಿದವರು ಹೇಳಿದಷ್ಟು ಅಳತೆಯನ್ನು ಪರೀಕ್ಷಿಸದೆ, ತನ್ನ ನೆನಪಿನಲ್ಲಿದ್ದ ಪಕ್ಕದ ಮಾಹಿತಿಯನ್ನೂ ತೆಗೆದು ಕೊಟ್ಟುಬಿಡುತ್ತಿತ್ತು.

2024ರ ಜುಲೈ 19ರಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸು ಕೊಡಬೇಕಾದ ಪರಿಸ್ಥಿತಿ ಬಂದದ್ದು ಹಲವರಿಗೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ತಂತ್ರಾಂಶವು 20 ಅಂಶಗಳಿದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋದದ್ದೇ ಅದಕ್ಕೆ ಕಾರಣ. ಮೈಕ್ರೊಸಾಫ್ಟ್ ಅಂದಾಜಿನಂತೆ ಜಗತ್ತಿನಾದ್ಯಂತ 85 ಲಕ್ಷ ಯಂತ್ರಗಳು ಕೈಕೊಟ್ಟವು. ಆ ತಂತ್ರಾಂಶ ಇದ್ದದ್ದು ‘ಸಿ’ಯ ಮಗನಾದ ‘ಸಿ++’ ಭಾಷೆಯಲ್ಲಿ.

ತನ್ನ ಉತ್ಪನ್ನಗಳಲ್ಲಿ ಪತ್ತೆಯಾಗುವ ಸುರಕ್ಷಾ ದೋಷಗಳಲ್ಲಿ ಶೇಕಡಾ 70ರಷ್ಟು ನೆನಪಿನ ಕೋಶವನ್ನು ತಪ್ಪಾಗಿ ಬಳಸಿದ್ದರಿಂದ ಆದವು ಎಂದು ಮೈಕ್ರೊಸಾಫ್ಟ್ 2019ರಲ್ಲಿ ಹೇಳಿತು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಸುರಕ್ಷಾ ಸಂಸ್ಥೆ, 2024ರ ಫೆಬ್ರುವರಿಯಲ್ಲಿ ಅಲ್ಲಿನ ಅಧ್ಯಕ್ಷರ ಕಚೇರಿ, ನೆನಪನ್ನು ಭದ್ರವಾಗಿ ನಿಭಾಯಿಸುವ ಭಾಷೆಗಳತ್ತ ಸಾಗಿರೆಂದು ಉದ್ಯಮಕ್ಕೆ ಸಲಹೆ ನೀಡಿದವು. ಒಂದು ಭಾಷೆಯ ಬಗ್ಗೆ ಸರಕಾರವೇ ಬಾಯಿ ತೆರೆಯುವ ಮಟ್ಟಕ್ಕೆ ವಾದ ಬಂತು. ‘ಸಿ++’ ಭಾಷೆಯ ಕರ್ತೃ ಬ್ಯಾರ್ನ್ ಸ್ಟ್ರೌಸ್ಟ್ರುಪ್ ಇದನ್ನು ಒಪ್ಪಲಿಲ್ಲ. ಹೊಸ ಪದ್ಧತಿಯಲ್ಲಿ ಬರೆದರೆ ತಮ್ಮ ಭಾಷೆಯಲ್ಲೂ ಭದ್ರತೆ ಸಾಧ್ಯ ಎಂಬುದು ಅವರ ವಾದ.

ಬಿಡುವುದು ಅಷ್ಟು ಸುಲಭವೆ?

ಉಳಿಸಿಕೊಳ್ಳಬೇಕು ಎನ್ನುವವರು ಹಳೆಯದರ ಮೋಹದಿಂದ ಮಾತ್ರ ಹಾಗೆನ್ನುತ್ತಿಲ್ಲ. ಬಿಡಲು ಹೋದವರ ಪಾಡು ಅವರ ಕಣ್ಣ ಮುಂದಿದೆ.

‘ಸಿ’ಗಿಂತಲೂ ಹಿರಿಯದಾದ ಕೋಬಾಲ್ ಭಾಷೆಯ ಕತೆ ನೋಡಿ. 1959-60ರಲ್ಲಿ ರೂಪುಗೊಂಡ ಇದು ಬ್ಯಾಂಕು, ವಿಮೆ, ಸರಕಾರಿ ಲೆಕ್ಕಪತ್ರಗಳ ಭಾಷೆ. 1990ರ ದಶಕದಲ್ಲೇ ಅದಕ್ಕೆ ತಿಥಿ ಮಾಡಿದವರಿದ್ದರು. ಆದರೆ ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಮುಗಳನ್ನು 2000ನೇ ಇಸವಿಗೆ ಮುನ್ನ ತಿದ್ದಬೇಕಾಗಿ ಬಂದಾಗ ಭಾರತದ ತಂತ್ರಾಂಶ ಕಂಪನಿಗಳಿಗೆ ದೊಡ್ಡ ಕೆಲಸ ಕೊಟ್ಟದ್ದು ಈ ಮುದಿ ಭಾಷೆಯೇ. ಮುಂದೆ 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಪ್ರವಾಹದಂತೆ ಬಂದಾಗ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಭಾಷೆ ಸತ್ತಿರಲಿಲ್ಲ, ಅದನ್ನು ಬಲ್ಲವರು ಕಡಿಮೆಯಾಗಿದ್ದರು.

ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಒಮ್ಮೆಲೇ ಜಿಗಿಯುವುದರ ಅಪಾಯವನ್ನು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರಲ್ಲಿ ಅನುಭವಿಸಿತು. ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸಾಗಿಸಿದ ಮೇಲೆ ಲಕ್ಷಾಂತರ ಜನ ತಮ್ಮದೇ ಹಣ ಮುಟ್ಟಲಾಗದೆ ಪರದಾಡಿದರು. 2022ರಲ್ಲಿ ನಿಯಂತ್ರಣ ಸಂಸ್ಥೆಗಳು ವಿಧಿಸಿದ ದಂಡ 4 ಕೋಟಿ 86 ಲಕ್ಷ ಪೌಂಡು.

ಹೊಸದೆನ್ನುವ ಪೈಥಾನ್‌ಗೂ ಈ ಸಂಕಟ ತಪ್ಪಲಿಲ್ಲ. 2008ರ ಡಿಸೆಂಬರಿನಲ್ಲಿ ಬಂದ ಅದರ ಮೂರನೇ ಆವೃತ್ತಿ ಎರಡನೆಯದರೊಂದಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಬಳಕೆದಾರರು ಹಳೆಯದನ್ನು ಬಿಡಲೊಪ್ಪದೆ, ಎರಡನೇ ಆವೃತ್ತಿಯ ಪೋಷಣೆ ನಿಂತದ್ದು 2020ರ ಜನವರಿ 1ಕ್ಕೆ. ಒಂದೇ ಭಾಷೆಯ ಎರಡು ಆವೃತ್ತಿಗಳ ನಡುವೆ ದಾಟಲು 11 ವರ್ಷ!

ಉದ್ಯಮಬಾಗದ ಕಾರ್ಖಾನೆಗಳಿಗೆ ಬಂದರೆ ವಿಷಯ ಇನ್ನೂ ಸ್ಪಷ್ಟ. ಗಣಕನಿಯಂತ್ರಿತ ಲೇಥಿನ ಮುಂದೆ ನಿಂತ ಕೆಲಸಗಾರ ಬಳಸುವ ‘ಜಿ-ಕೋಡ್’ ಎಂಬ ಆಜ್ಞೆಗಳ ಬೇರು 1950-60ರ ದಶಕದಲ್ಲಿದೆ. ಯಂತ್ರಗಳು ಹೊಸವು, ಆಜ್ಞೆಯ ಭಾಷೆ ಹಳೆಯದು. ಮೋಟಾರು, ಪಂಪು, ಮೀಟರುಗಳ ಒಳಗೆ ಕೂರುವ ಅಗ್ಗದ ಚಿಪ್ಪುಗಳಲ್ಲಿ ನೆನಪಿನ ಜಾಗ ಕೆಲವೇ ಕಿಲೋಬೈಟು. ಅಲ್ಲಿ ಪೈಥಾನ್ ಹಿಡಿಸುವುದು ಕಷ್ಟ. ‘ಸಿ’ ಸಲೀಸಾಗಿ ಹಿಡಿಸುತ್ತದೆ.

ಒಡೆದ ಹೆಂಚು ಬದಲಿಸುವ ದಾರಿ

ಹಾಗಾದರೆ ಬಿಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಇರಬೇಕೆ? ನಡುವಿನ ದಾರಿಯೊಂದು ಈಚೆಗೆ ತೆರೆದಿದೆ. ಖಾನಾಪುರದ ಮಳೆ ಬಲ್ಲವರಿಗೆ ಅದು ತಟ್ಟನೆ ಅರ್ಥವಾದೀತು. ಅಲ್ಲಿ ಮಾಡು ಸೋರುತ್ತದೆಂದು ಯಾರೂ ಮನೆಯನ್ನೇ ಕೆಡವುವುದಿಲ್ಲ. ಮೃಗಶಿರಾ ಮಳೆಗೆ ಮುನ್ನ ಏಣಿ ಹಾಕಿ ಒಡೆದ ಹೆಂಚು ತೆಗೆದು ಹೊಸದು ಕೂರಿಸುತ್ತಾರೆ.

ಗೂಗಲ್ ಕಂಪನಿ ಆಂಡ್ರಾಯ್ಡ್ ವಿಷಯದಲ್ಲಿ ಮಾಡಿದ್ದು ಬಹುಮಟ್ಟಿಗೆ ಇದನ್ನೇ. ಹಳೆಯ ‘ಸಿ’, ‘ಸಿ++’ ಭಾಗಗಳನ್ನು ಇದ್ದಂತೆ ಬಿಟ್ಟು, ಹೊಸದಾಗಿ ಬರೆಯುವುದನ್ನು ಆದಷ್ಟು ರಸ್ಟ್ ಮುಂತಾದ ಭದ್ರ ಭಾಷೆಗಳಲ್ಲಿ ಬರೆಯತೊಡಗಿತು. ಕಂಪನಿಯೇ ಪ್ರಕಟಿಸಿದಂತೆ ಆಂಡ್ರಾಯ್ಡ್‌ನ ಸುರಕ್ಷಾ ದೋಷಗಳಲ್ಲಿ ನೆನಪಿನ ದೋಷಗಳ ಪಾಲು 2019ರಲ್ಲಿ ಶೇಕಡಾ 76 ಇದ್ದದ್ದು 2024ಕ್ಕೆ 24ಕ್ಕೆ ಇಳಿಯಿತು. ಇದರಲ್ಲಿ ಒಂದು ಪಾಠವಿದೆ. ಹಳೆಯ ಪ್ರೋಗ್ರಾಮು ವರ್ಷಗಳ ಕಾಲ ಬಳಕೆಯಾಗಿ, ತಿದ್ದುಪಡಿಯಾಗಿ ಪಳಗಿರುತ್ತದೆ. ಹೊಸ ತಪ್ಪುಗಳು ಹೆಚ್ಚಾಗಿ ನುಸುಳುವುದು ಹೊಸ ಬರಹದಲ್ಲಿ. ಆದ್ದರಿಂದ ಎಚ್ಚರವೂ ಅಲ್ಲೇ ಬೇಕು.

ಲಿನಕ್ಸ್ ತಿರುಳಿನೊಳಗೂ 2022ರ ಡಿಸೆಂಬರಿನಲ್ಲಿ ಬಂದ 6.1ನೇ ಆವೃತ್ತಿಯಿಂದ ರಸ್ಟ್ ಭಾಷೆಗೆ ಜಾಗ ಸಿಕ್ಕಿತು. ಎಲ್ಲರೂ ಸಂತೋಷಪಡಲಿಲ್ಲ. ಮೂವತ್ತು ವರ್ಷ ‘ಸಿ’ಯಲ್ಲೇ ಬರೆದವರು, ಎರಡು ಭಾಷೆಯ ಮನೆಯನ್ನು ನೋಡಿಕೊಳ್ಳುವವರಾರು ಎಂದು ಕೇಳಿದರು. ಜಗಳದಿಂದ ಬೇಸತ್ತು 2024ರಲ್ಲಿ ಹೊಣೆ ಬಿಟ್ಟು ಹೋದವರೂ ಇದ್ದಾರೆ. ಆದರೂ ಕೆಲಸ ನಿಂತಿಲ್ಲ.

ಮೊದಲ ಭಾಷೆ ಯಾವುದಿರಬೇಕು?

ಇನ್ನು ತರಗತಿಯ ಪ್ರಶ್ನೆ. ಉದ್ಯಮದಲ್ಲಿ ಯಾವುದು ಉಳಿಯುತ್ತದೆ ಎಂಬುದು ಒಂದು ವಿಚಾರ. ಹದಿನೆಂಟರ ಹುಡುಗಿಗೆ ಮೊದಲು ಯಾವುದನ್ನು ಕಲಿಸಬೇಕು ಎಂಬುದು ಬೇರೆಯೇ ವಿಚಾರ.

ಅಮೆರಿಕದ ಎಂಐಟಿ ಸಂಸ್ಥೆ 2009ರ ಹೊತ್ತಿಗೆ ತನ್ನ ಪ್ರಸಿದ್ಧ ಮೊದಲ ಪಾಠಕ್ರಮದಲ್ಲಿ ಹಳೆಯ ಸ್ಕೀಮ್ ಭಾಷೆಯನ್ನು ಬಿಟ್ಟು ಪೈಥಾನ್‌ಗೆ ಹೋಯಿತು. ನಮ್ಮ ಸಿಬಿಎಸ್‌ಇ ಮಂಡಳಿ 2020-21ರ ಸಾಲಿಗೆ 12ನೇ ತರಗತಿಯಲ್ಲಿ ‘ಸಿ++’ ಬಿಟ್ಟು ಪೈಥಾನನ್ನು ಉಳಿಸಿಕೊಂಡಿತು. ವಿ.ತಾ.ವಿ. ಹೆಜ್ಜೆ ಇಟ್ಟದ್ದು ನಿಧಾನವಾಗಿ. ಅದರ 2018ರ ಪಠ್ಯಕ್ರಮದಲ್ಲಿ ಸಿವಿಲ್ ಇರಲಿ ಮೆಕ್ಯಾನಿಕಲ್ ಇರಲಿ, ಮೊದಲ ವರ್ಷದಲ್ಲಿ ‘ಸಿ’ ಎಲ್ಲರಿಗೂ ಕಡ್ಡಾಯ. 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಗುಂಪಿನವರಿಗೆ ‘ಸಿ’ ಮೂಲಪಾಠವಾಗಿ ಉಳಿಯಿತು. ಇದಲ್ಲದೆ ವೆಬ್ ಪ್ರೋಗ್ರಾಮಿಂಗ್, ಪೈಥಾನ್, ಜಾವಾ, ‘ಸಿ++’ಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವೂ ಪಠ್ಯಕ್ರಮದೊಳಗೆ ಬಂತು. ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯವನ್ನು ತಾವೇ ರೂಪಿಸಿಕೊಳ್ಳುತ್ತವೆ.

ಪೈಥಾನ್ ಪರ ಇರುವವರ ಮಾತಿನಲ್ಲಿ ಹುರುಳಿದೆ. ಎರಡು ಸಂಖ್ಯೆ ಕೂಡಿಸಲು ‘ಸಿ’ಯಲ್ಲಿ ಮೊದಲು ಶೀರ್ಷಿಕೆ ಕಡತ ಸೇರಿಸಬೇಕು, ಸಂಖ್ಯೆಯ ಜಾತಿ ಹೇಳಬೇಕು, ‘ಸ್ಕ್ಯಾನ್‌ಎಫ್’ ಬರೆಯುವಾಗ ಹೆಸರಿನ ಹಿಂದೆ ‘ಆ್ಯಂಪರ್‌ಸ್ಯಾಂಡ್’ ಗುರುತು ಮರೆಯಬಾರದು, ಸಾಲಿನ ಕೊನೆಗೆ ಅರ್ಧವಿರಾಮ ಬಿಡಬಾರದು. ಕನ್ನಡ ಅಥವಾ ಮರಾಠಿ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ಭಯದ ಮೇಲೆ ಇದೂ ಸೇರಿದರೆ, ತರ್ಕ ಕಲಿಯುವ ಮೊದಲೇ ಪ್ರೋಗ್ರಾಮಿಂಗ್ ತನಗೆ ಒಗ್ಗದ ವಿದ್ಯೆ ಎಂದು ಕೈಚೆಲ್ಲುವ ಅಪಾಯವಿದೆ. ಪೈಥಾನ್‌ನಲ್ಲಿ ಅದೇ ಕೆಲಸ ಎರಡು ಮೂರು ಸಾಲು.

ಆದರೆ ‘ಸಿ’ ಕಲಿಸುವುದನ್ನು ಪೈಥಾನ್ ಮುಚ್ಚಿಡುತ್ತದೆ ಎಂಬುದೂ ನಿಜ. ಹಳೆಯ ಟರ್ಬೊ ಸಿ-ಯಲ್ಲಿ 30,000ಕ್ಕೆ 10,000 ಕೂಡಿಸಿ ಪೂರ್ಣಾಂಕದಲ್ಲಿಟ್ಟರೆ ಬರುತ್ತಿದ್ದ ಉತ್ತರ 40,000 ಅಲ್ಲ, ಋಣ 25,536! ಅಲ್ಲಿ ಪೂರ್ಣಾಂಕಕ್ಕೆ ಇದ್ದ ಜಾಗ 16 ಬಿಟ್ಟು ಮಾತ್ರ. ಹಿಡಿಸುವ ದೊಡ್ಡ ಸಂಖ್ಯೆ 32,767. ಅದನ್ನು ದಾಟಿದರೆ ಗಡಿಯಾರದ ಮುಳ್ಳಿನಂತೆ ಸುತ್ತು ಹಾಕಿ ಆಚೆ ತುದಿಗೆ ಬಂದು ನಿಲ್ಲುತ್ತದೆ. ಪೈಥಾನ್‌ನಲ್ಲಿ ಈ ತಪ್ಪು ಆಗುವುದಿಲ್ಲ. ಸಂಖ್ಯೆ ಬೆಳೆದಂತೆ ಜಾಗವೂ ಬೆಳೆಯುತ್ತದೆ. ಆದ್ದರಿಂದ ಜಾಗ ಎಂಬುದೊಂದು ಇದೆ ಎನ್ನುವುದೇ ವಿದ್ಯಾರ್ಥಿಗೆ ತಿಳಿಯದೆ ಹೋಗಬಹುದು.

ಅದು ತಿಳಿದಿರಲೇಬೇಕಾದ ದಿನವೊಂದು ಮುಂದಿದೆ. ಹಲವು ಹಳೆಯ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿ 32 ಬಿಟ್ಟುಗಳ ಪೂರ್ಣಾಂಕದಲ್ಲಿ ಇಡುತ್ತವೆ. ಆ ಪಾತ್ರೆ ತುಂಬುವುದು 2038ರ ಜನವರಿ 19ರಂದು. ಅಷ್ಟರೊಳಗೆ ತಿದ್ದದೆ ಉಳಿದ ಯಂತ್ರಗಳಲ್ಲಿ ತಾರೀಕು 1901ಕ್ಕೆ ಹಿಂದಕ್ಕೆ ಹಾರಬಹುದು. ಇಂದು ಪಿಯುಸಿ ಓದುತ್ತಿರುವವರು ಆಗ ಮೂವತ್ತರ ಆಸುಪಾಸಿನಲ್ಲಿ, ದುಡಿಮೆಯ ನಡುಹರೆಯದಲ್ಲಿ ಇರುತ್ತಾರೆ. ಆ ಯಂತ್ರಗಳ ಒಳಹೊಕ್ಕು ನೋಡಬಲ್ಲವರು ಅವರಲ್ಲೇ ಕೆಲವರಾಗಬೇಕು.

ಪಾಲಕರು ಗಮನಿಸಬೇಕಾದದ್ದು

ಹೀಗಿರುವಾಗ ಮನೆಯಲ್ಲಿ ತೀರ್ಮಾನ ಹೇಗೆ? ಮೊದಲನೆಯದಾಗಿ, ಯಾವ ಭಾಷೆಗೆ ಹೆಚ್ಚು ಸಂಬಳ ಎಂಬ ಲೆಕ್ಕದಿಂದ ಆರಂಭಿಸುವುದು ಬೇಡ. ಮಗು ಪದವಿ ಮುಗಿಸುವ ನಾಲ್ಕು ವರ್ಷಗಳಲ್ಲಿ ಆ ಪಟ್ಟಿ ಬದಲಾಗಿರುತ್ತದೆ. ಒಲವು ಯಂತ್ರ, ವಿದ್ಯುತ್ತು, ಚಿಪ್ಪುಗಳ ಕಡೆಗಿದ್ದರೆ ‘ಸಿ’ಯನ್ನು ಬಿಡುವಂತೆಯೇ ಇಲ್ಲ. ಅಂಕಿ ಅಂಶ, ಕೃತಕ ಬುದ್ಧಿಮತ್ತೆ, ವಾಣಿಜ್ಯದ ಕಡೆಗಿದ್ದರೆ ಪೈಥಾನ್‌ನಿಂದ ಶುರು ಮಾಡಿ ಆಮೇಲೆ ‘ಸಿ’ಯ ಕಡೆ ಬಂದರೂ ನಷ್ಟವಿಲ್ಲ.

ಎರಡನೆಯದು, ಹಣ. ‘ಸಿ’ಗೆ ಬೇಕಾದ ಜಿಸಿಸಿ ತಂತ್ರಾಂಶವೂ ಪೈಥಾನ್ ತಂತ್ರಾಂಶವೂ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಮುಂಬೈ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳು ಭಾರತೀಯ ಭಾಷೆಗಳಲ್ಲೂ ಸಿಗುತ್ತವೆ. ಮನೆಯಿಂದ ಕಾಲೇಜಿಗೆ ಹೋಗಿಬರಲು ಹೊತ್ತು ಹಿಡಿಯುವ, ಕಾಡಂಚಿನಲ್ಲಿ ಮೊಬೈಲ್ ಸಂಕೇತ ಸರಿಯಾಗಿ ಸಿಗದ ಊರುಗಳ ಮಕ್ಕಳು ಇವುಗಳನ್ನು ಪಟ್ಟಣದಲ್ಲಿದ್ದಾಗ ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ದುಬಾರಿ ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಮಗುವಿಗೆ ತಿಂಗಳ ಕಾಲ ಇವನ್ನು ಪ್ರಯತ್ನಿಸಲು ಬಿಡಿ.

ಮೂರನೆಯದು, ಎಲ್ಲಿ ಕಲಿಸಿದರೂ ಎಂಥ ‘ಸಿ’ ಕಲಿಸುತ್ತಾರೆ ಎಂದು ಕೇಳಿ. ನೀಲಿ ಪರದೆಯ ಟರ್ಬೊ ಸಿ ಮೂರು ದಶಕ ಹಳೆಯದು. ಅದರ ‘ವಾಯ್ಡ್ ಮೇನ್’, ‘ಕ್ಲಿಯರ್ ಸ್ಕ್ರೀನ್’ ಅಭ್ಯಾಸಗಳು ಇಂದಿನ ಪ್ರಮಾಣಿತ ‘ಸಿ’ಗೆ ಒಪ್ಪುವುದಿಲ್ಲ. ಹಳೆಯ ಭಾಷೆ ಕಲಿಯುವುದು ಬೇರೆ, ಹಳೆಯ ಚಟ ಕಲಿಯುವುದು ಬೇರೆ.

ಕೊನೆಯದಾಗಿ, ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಮು ಬರೆದು ಕೊಡುತ್ತದೆ, ಭಾಷೆ ಕಲಿಯುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಯಂತ್ರ ಬರೆದದ್ದರಲ್ಲೂ 20ರ ಪಟ್ಟಿಯಲ್ಲಿ 21ನೆಯದನ್ನು ಓದುವ ತಪ್ಪು ಇರಬಹುದು. ಬರೆಯುವ ಶ್ರಮ ತಗ್ಗಿದಷ್ಟೂ ಓದಿ ಪರೀಕ್ಷಿಸುವ ಹೊಣೆ ಏರುತ್ತದೆ.

ಬೆಳಗಾವಿ, ಖಾನಾಪುರದ ಪೇಟೆಗಳಲ್ಲಿ ಒಬ್ಬನೇ ಅಂಗಡಿಕಾರ ಒಬ್ಬರೊಡನೆ ಕನ್ನಡ, ಇನ್ನೊಬ್ಬರೊಡನೆ ಮರಾಠಿ, ಮತ್ತೊಬ್ಬರೊಡನೆ ಹಿಂದಿ ಅಥವಾ ಕೊಂಕಣಿ ಮಾತಾಡುತ್ತಾನೆ. ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಅವನಿಗೆ ಏಳುವುದೇ ಇಲ್ಲ. ಎದುರಿಗೆ ಯಾರಿದ್ದಾರೆ, ವ್ಯವಹಾರ ಏನಿದೆ ಎಂಬುದನ್ನು ನೋಡಿ ಮಾತು ಆರಿಸುತ್ತಾನೆ. ಪ್ರೋಗ್ರಾಮರ್‌ಗಳ ವಾದ ಇನ್ನೂ ಬಹುಕಾಲ ನಡೆದೀತು. ಈ ಊರಿನ ಮಕ್ಕಳು ಅದರ ಮುಕ್ತಾಯಕ್ಕೆ ಕಾಯಬೇಕಾಗಿಲ್ಲ. ಒಂದು ಭಾಷೆಯನ್ನು ಆಳವಾಗಿ ಕಲಿತವರಿಗೆ ಎರಡನೆಯದು ಬೇಗ ಒಲಿಯುತ್ತದೆ.